ಒಂದು ಹಾಳೆಯಷ್ಟು ಎತ್ತರ

ಒಂಬತ್ತು ದಿನದಿಂದ ಆನ್ಸೆಲ್ಮ್ ಹೊಟ್ಟೆಗೆ ಬರೀ ಸೊಪ್ಪಿನ ಸಾರು. ನಾರ್ಮಂಡಿಯ ಈ ಸೈಕಲ್ ರಿಪೇರಿಯವನು ರೆಕ್ಕೆ ತಿರುಗಿಸಿ ನಿಂತಲ್ಲಿಂದಲೇ ಮೇಲೇಳುವ ಯಂತ್ರ ಕಟ್ಟಿದ್ದ. ಅದು ಅರವತ್ತು ಕಿಲೋ ದಾಟಿದವನನ್ನು ಎತ್ತುತ್ತಿರಲಿಲ್ಲ. ಇವತ್ತು ಪ್ಯಾರಿಸ್ಸಿನಿಂದ ಪರೀಕ್ಷಕರು ಬಂದಿದ್ದರು. ನಾಲ್ಕು ಚಕ್ರಗಳ ಕೆಳಗೂ ಒಂದು ಹಾಳೆ ಕಾಗದ ತೂರಿದರೆ ಯಂತ್ರ ಪ್ಯಾರಿಸ್ಸಿನ ಪ್ರದರ್ಶನಕ್ಕೆ, ಇಲ್ಲವಾದರೆ ನಾಲ್ಕು ವರ್ಷದ ದುಡಿಮೆ ಗುಜರಿಗೆ.

"ಒಂದು ತುಂಡು ಸೇಬಿನ ಟಾರ್ಟ್ ತಿಂದು ಹೋಗ್ರೀ," ಎಂದಳು ಹೆಂಡತಿ ಒನೊರೀನ್.

"ಹಾರಿ ಬಂದು ತಿಂತೀನಿ ಕಣೇ," ಎಂದು ಆ ಸಿಹಿತಿಂಡಿಯ ಘಮ ತಾಗದಂತೆ ಮೂಗು ಮುಚ್ಚಿಕೊಂಡು ಹೊರಬಿದ್ದ.

ಯಂತ್ರ ವಾಲದಂತೆ ನಾಲ್ಕು ಮೂಲೆಯ ಹಗ್ಗ ಹಿಡಿಯಲು ನೆರೆಯವರು ನಿಂತರು: ಮಾಂಸದಂಗಡಿಯ ಫುಲ್ಬೇರ್, ಕ್ಷೌರದಂಗಡಿಯ ಸಿಲ್ವೇರ್, ಬೇಕರಿಯ ಇಬ್ಬರು ಅಣ್ಣತಮ್ಮಂದಿರು. ಎಂಜಿನ್ ಅಬ್ಬರಿಸಿತು. ಊರವರ ಟೋಪಿಗಳೆಲ್ಲ ಹಾರಿದವು. ಯಂತ್ರ ಮಾತ್ರ ಕಾವಿಗೆ ಕೂತ ಕೋಳಿಯ ಹಾಗೆ ಕದಲಲಿಲ್ಲ. ಪರೀಕ್ಷಕರು ಮಂಡಿಯೂರಿ ತೂರಿಸಿದ ಕಾಗದ ಮುದುಡಿತು.

"ತೂಕ ಜಾಸ್ತಿಯಾಯ್ತು ಕಣೋ," ಎಂದ ಫುಲ್ಬೇರ್, ಬೆವರೊರೆಸಿಕೊಳ್ಳುತ್ತ.

ಆನ್ಸೆಲ್ಮ್ ಕೋಟು, ಬೂಟು ಬಿಚ್ಚಿದ. ಮತ್ತೆ ಅದೇ ಕತೆ.

"ಆ ಮೀಸೆಯೇನು ಕಮ್ಮಿ ಇದೆಯಾ?" ಎಂದು ಸಿಲ್ವೇರ್ ಜೇಬಿನಿಂದ ಕತ್ತಿ ತೆಗೆದ. ಹನ್ನೆರಡು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಹುಲ್ಲಿನ ಮೇಲೆ ಬಿತ್ತು. ಕೊನೆಗೆ ಪ್ಯಾಂಟೂ ಹೋಯಿತು. ಹೆಂಗಸರು ಕೊಡೆ ಅಡ್ಡ ಹಿಡಿದು, ಅದರ ಸಂದಿಯಲ್ಲಿ ಚೆನ್ನಾಗಿಯೇ ನೋಡಿದರು. ಯಂತ್ರ ಏಳಲಿಲ್ಲ. ಪರೀಕ್ಷಕರು ಪುಸ್ತಕ ಮುಚ್ಚಿ ನಾಲ್ಕು ಗಂಟೆಯ ರೈಲಿಗೆ ನಡೆದರು.

ಅಡುಗೆಮನೆಯಲ್ಲಿ ಬೋಳು ಮುಖ ಹೊತ್ತು ಕುಳಿತ ಆನ್ಸೆಲ್ಮ್‌ಗೆ ಅಳುವೇ ಬರುವಂತಿತ್ತು. ಒನೊರೀನ್ ನಾಲ್ವರಿಗೂ ತಟ್ಟೆ ತುಂಬ ಟಾರ್ಟ್ ಬಡಿಸಿದಳು.

"ತೋಳು ಕಿತ್ತು ಬಂತು ಅತ್ತಿಗೆ," ಎಂದ ಫುಲ್ಬೇರ್ ಬಾಯ್ತುಂಬ ತಿನ್ನುತ್ತ. "ಪ್ಯಾಂಟು ಬಿಚ್ಚಿದ ಮೇಲಂತೂ ಕೆಳಗೆ ಹಿಡಿಯೋಕೇ ಆಗ್ತಿರ್ಲಿಲ್ಲ. ನನ್ನ ಹಿಮ್ಮಡಿ ಎದ್ದುಬಿಟ್ಟಿತ್ತು!"

ಆನ್ಸೆಲ್ಮ್ ತಲೆಯೆತ್ತಿದ. "ಕೆಳಗೆ ಹಿಡಿಯೋಕಾ?"

ನಾಲ್ವರೂ ತಟ್ಟೆ ನೋಡತೊಡಗಿದರು.

"ನಾನೇ ಹೇಳಿದ್ದು," ಎಂದಳು ಒನೊರೀನ್. "ಒಂದು ಬೆರಳು ಮೇಲೆದ್ರೂ ಯಾರಿಗೂ ಟಾರ್ಟ್ ಇಲ್ಲ ಅಂದಿದ್ದೆ. ಇಷ್ಟು ಹಗುರಾಗಿರೋ ಗಂಡ ಮೇಲೆ ಹೋದ್ರೆ ವಾಪಸ್ ಬರ್ತಾನೇನ್ರೀ?"

"ಮತ್ತೆ ನನ್ನ ಮೀಸೆ?"

"ಸುಮ್ನೆ ನಿಂತಿದ್ರೆ ನಿಂಗೆ ಅನುಮಾನ ಬರ್ತಿತ್ತಲ್ಲಪ್ಪ," ಎಂದ ಸಿಲ್ವೇರ್.

ಸಿಟ್ಟು ಬರಬೇಕಿತ್ತು. ಆದರೆ ಹಗ್ಗ ಬಿಟ್ಟಿದ್ದರೆ ಯಂತ್ರ ಏಳುತ್ತಿತ್ತಲ್ಲ! ಆನ್ಸೆಲ್ಮ್‌ಗೆ ಎದೆ ತುಂಬಿ ಬಂತು. "ನಾಳೆನೇ ತಂತಿ ಕಳಿಸ್ತೀನಿ, ಪರೀಕ್ಷಕರು ಇನ್ನೊಮ್ಮೆ ಬರ್ಲಿ. ಆಗ ಹಗ್ಗ ಬಿಡಿಸ್ತೀಯಾ?"

"ಖಂಡಿತ ಬಿಡಿಸ್ತೀನಿ." ಅವಳು ಅವನ ಮುಂದೆ ಎಲ್ಲಕ್ಕಿಂತ ದೊಡ್ಡ ತುಂಡು ಇಟ್ಟು ಮೇಲೆ ಕೆನೆ ಸುರಿದಳು. "ನೀವು ಎಂಬತ್ತು ಕಿಲೋ ತೂಗಿದ ದಿನ."

ಆನ್ಸೆಲ್ಮ್ ಚಮಚ ಎತ್ತಿಕೊಂಡ.