ಎರಡು ಸಮುದ್ರದ ಅತ್ತೆ

ನಮ್ಮ ಅತ್ತೆಯ ಹತ್ತಿರ ಯಾರೂ ದಾರಿ ಕೇಳಬಾರದು! ಕೇಳಿದವರು ಊರು ಸೇರುವುದಿಲ್ಲ, ಭೂಗೋಳದಲ್ಲಿ ಪಾಸಾಗಿಬಿಡುತ್ತಾರೆ.

ಅತ್ತೆ ಅಂದರೆ ನಮ್ಮಪ್ಪನ ತಂಗಿ, ಹೊಸನಗರದ ಕಡೆ ಹೈಸ್ಕೂಲಿನಲ್ಲಿ ಮೇಡಂ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು, "ಹುಂಚದ ಬಸ್ಸು ಎಲ್ಲಿ ನಿಲ್ತದಮ್ಮಾ?" ಅಂದರು. ಅತ್ತೆ ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದರು. "ನೋಡಿ, ಈ ಕಡೆ ಬಿದ್ದ ಮಳೆ ಶರಾವತಿ ಸೇರಿ ಪಡುವಣ ಸಮುದ್ರಕ್ಕೆ ಹೋಗ್ತದೆ. ತೀರ್ಥಹಳ್ಳಿ ಕಡೆ ಬಿದ್ದದ್ದು ತುಂಗೆ ಸೇರಿ ಮೂಡಣ ಸಮುದ್ರಕ್ಕೆ. ನಡುವೆ ಒಂದು ಗಡಿ ಉಂಟು..." ಅಷ್ಟರಲ್ಲಿ ಹುಂಚದ ಬಸ್ಸು ಬಂತು, ಹೋಯ್ತು. ಹಿರಿಯರು ಅದರ ಬೆನ್ನನ್ನೂ ನೋಡದೆ, "ಆಮೇಲೆ ಎಂತಾಯ್ತಮ್ಮಾ?" ಅಂದರು!

ಆ ಗಡಿಯನ್ನು ಶಾಲೆಯ ಮಕ್ಕಳ ಜೊತೆ ನಡೆದೇ ಹುಡುಕಬೇಕೆಂಬುದು ಅತ್ತೆಯ ಹಟ. ಪರಿಶೋಧನೆಗೆ, ಸಂಶೋಧನೆಗೆ, ಭೂಗೋಳದ ಪಾಠಕ್ಕೆ ಹಣ ಕೊಡುವ ಹೊರದೇಶದ ವಿಜ್ಞಾನ ಸಂಘವೊಂದು ಇದೆಯಂತೆ. ಅರ್ಜಿ ಹಾಕಿಯೇಬಿಟ್ಟರು. 'ಎದುರಾಗಬಹುದಾದ ಅಪಾಯಗಳು?' ಎಂಬಲ್ಲಿ 'ರಕ್ತ ಹೀರುವ ಉಂಬಳ' ಅಂತ ಬರೆದರು. 'ರಕ್ಷಣಾ ಸಾಮಗ್ರಿ?' 'ಸುಣ್ಣ, ಹೊಗೆಸೊಪ್ಪು.' 'ಹಿಂದಿನ ಸಾಹಸಗಳು?' 'ಪ್ರತಿ ಮಳೆಗಾಲ ಮಕ್ಕಳನ್ನು ಹಳ್ಳದ ಮೇಲಿನ ಕಾಲುಸಂಕ ದಾಟಿಸಿ ಮನೆ ಮುಟ್ಟಿಸಿದ್ದೇನೆ.'

ನಾವು ನಕ್ಕೆವು. ಸಂಘದವರು ನಗಲಿಲ್ಲ. ಹಣ ಕಳಿಸಿದರು!

ಮಕ್ಕಳಿಗೆ ರೇನ್‌ಕೋಟು ಬಂತು, ಎತ್ತರ ತೋರಿಸುವ ಜಿಪಿಎಸ್ ಬಂತು, ಮಳೆ ಅಳೆಯುವ ಮಾಪಕ ಬಂತು. ಪಕ್ಕದ ಮನೆಯವರು ದಂಗಾದರು. "ಮಳೆ ಅಳೆಯೋಕೂ ದುಡ್ಡು ಕೊಡ್ತಾರಾ? ನಮ್ಮಲ್ಲಿ ಬಿಟ್ಟಿ ಬೀಳ್ತದಲ್ಲ ಮಾರಾಯ್ತಿ!"

ಭಾನುವಾರ ಬಂದರೆ ಗುಡ್ಡ ಹತ್ತುವುದು, ಇಳಿಯುವುದು. ಲೆಕ್ಕಕ್ಕಿಲ್ಲದ ನಾನೂ ಊಟದ ಡಬ್ಬಿ ಹೊತ್ತು ಹಿಂದೆ. ಕೊನೆಗೆ ಆ ಮಹಾ ಗಡಿ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂತೀರಿ? ದಿಬ್ಬದ ಮೇಲಿನ ಹೆಂಚಿನ ಬಸ್ ತಂಗುದಾಣಕ್ಕೆ! ಅಲ್ಲೇ ಮಳೆ ಹಿಡಿಯಿತು. ಮುಂದಿನ ಸೂರಿನ ನೀರು ರಸ್ತೆಯ ಚರಂಡಿಗೆ ಬಿದ್ದು ಶರಾವತಿಯ ಕಡೆ ಹೊರಟಿತು. ಹಿಂದಿನ ಸೂರಿನದು ಕಾಡಿನ ಹಳ್ಳಕ್ಕೆ ಇಳಿದು ತುಂಗೆಯ ಕಡೆ. ಒಂದೇ ಮೋಡ, ಒಂದೇ ಮಾಡು, ಎರಡು ಸಮುದ್ರ! ಅಲ್ಲಿಗೆ ಬಂದ ಬಸ್ಸಿನ ಡ್ರೈವರ್ ವಿಷಯ ಕೇಳಿ ಇಂಜಿನ್ ಆಫ್ ಮಾಡಿದ. "ದಿನಾ ಇಲ್ಲೇ ಗೇರ್ ಬದಲಿಸ್ತೀನಿ ಮೇಡಂ, ಗೊತ್ತೇ ಇರಲಿಲ್ಲ!" ಎಂದು ಇಳಿದು ಮುಂದೊಮ್ಮೆ, ಹಿಂದೊಮ್ಮೆ ಕೈಯೊಡ್ಡಿದ. ಅವನ ಹಿಂದೆ ಪ್ರಯಾಣಿಕರೂ ಸಾಲಾಗಿ ಇಳಿದರು. ಬಸ್ಸು ಎಷ್ಟು ತಡವಾಯಿತೋ, ಯಾರೂ ಕೇಳಲಿಲ್ಲ.

ವರದಿ ಓದಿದ ಸಂಘದವರು, ಮುಂದೇನು ಮಾಡುತ್ತೀರಿ ಎಂದು ಕೇಳಿದರು. 'ಮಕ್ಕಳಿಗೆ ಸಮುದ್ರ ತೋರಿಸಬೇಕು' ಎಂದು ಬರೆದರು ಅತ್ತೆ. ಒಪ್ಪಿಗೆ ಬಂತು. ಘಾಟಿ ಇಳಿದು ಕಡಲತೀರ ಮುಟ್ಟಿದ್ದೇ ಮಕ್ಕಳು ಕೂಗುತ್ತಾ ಓಡಿದರು. ಅತ್ತೆ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಿಂತೇ ಇದ್ದರು.

"ಬನ್ನಿ ಅತ್ತೆ."

ಅವರು ನನ್ನ ತೋಳು ಬಿಗಿಯಾಗಿ ಹಿಡಿದರು. "ಮಕ್ಕಳಿಗೆ ಹೇಳಬೇಡ ಮಾರಾಯ. ಇಷ್ಟು ವರ್ಷ ನೀಲಿ ಸೀಮೆಸುಣ್ಣದಲ್ಲಿ ಬರೆದದ್ದೇ ಬಂತು. ನಾನೂ ನೋಡ್ತಿರೋದು ಇವತ್ತೇ."

ಅಮ್ಮ ಹೋದಮೇಲೆ ಅತ್ತೆಯ ಒಂದೊಂದು ರಜೆಯೂ ನನ್ನನ್ನು, ನನ್ನ ತಂಗಿಯನ್ನು ನೋಡಿಕೊಳ್ಳುವುದರಲ್ಲೇ ಕಳೆದಿತ್ತು.

ಚಪ್ಪಲಿ ಇಸಿದುಕೊಂಡೆ. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮಕ್ಕಳನ್ನೂ ದಾಟಿ ಮುಂದೆ ಓಡಿದರು.