ಬೀಗ ಹಾಕಿದ ಪ್ರಚಾರ

ಹೆಂಡತಿ: ಇಪ್ಪತ್ತು ದಿನದಲ್ಲಿ ನಿಮ್ಮ ಪುಟಕ್ಕೆ ಮೂರೇ ಜನ ಸೇರಿದಾರೆ ಅಂದ್ರೆ ಏನ್ರೀ ಅರ್ಥ?

ಕಾರ್ಯದರ್ಶಿ: ಮೂವರೂ ನಂಬಿಕಸ್ಥರು ಅಂತ ಅರ್ಥ.

ಹೆಂಡತಿ: ಒಬ್ಬರು ನೀವು, ಒಬ್ಬಳು ನಾನು. ಮೂರನೆಯವರು?

ಕಾರ್ಯದರ್ಶಿ: ಅಧ್ಯಕ್ಷರು. ಅವರನ್ನೂ ಎರಡು ಸಲ ವಿಚಾರಿಸಿಯೇ ಒಳಗೆ ಬಿಟ್ಟೆ.

ಬೀಗ ತಯಾರಕರ ಸಂಘದ ಕಾರ್ಯದರ್ಶಿಗಳು ಊಟದ ಮೇಜಿನ ಮುಂದೆ ಫೋನ್ ಹಿಡಿದು ಕೂತಿದ್ದರು. ನಾಡಿದ್ದೇ ಸಂಘದ ಸಮ್ಮೇಳನ. ಸಾಮಾಜಿಕ ಜಾಲತಾಣದಲ್ಲಿ ಪುಟ ತೆರೆದು ಪ್ರಚಾರ ಮಾಡಿ ಮುನ್ನೂರು ಕುರ್ಚಿ ತುಂಬಿಸುತ್ತೇನೆಂದು ಎದೆ ತಟ್ಟಿ ಹೇಳಿದವರು ಇವರೇ. ತುಂಬದಿದ್ದರೆ ಇವರ ಕುರ್ಚಿಯೂ ಉಳಿಯುವುದಿಲ್ಲವೆಂದು ಅಧ್ಯಕ್ಷರು ಬೆಳಿಗ್ಗೆ ಬಹಳ ನಯವಾಗಿ ತಿಳಿಸಿದ್ದರು.

ಹೆಂಡತಿ: ಪ್ರಚಾರದ ಪುಟಕ್ಕೆ ಯಾರಾದ್ರೂ ಬೀಗ ಹಾಕ್ತಾರಾ?

ಕಾರ್ಯದರ್ಶಿ: ಬೀಗದ ಚಿತ್ರ ಕಾಣಿಸ್ತು, ಒತ್ತಿದೆ. ಮೂವತ್ತು ವರ್ಷದ ಅಭ್ಯಾಸ ಕಣೇ.

ಹೆಂಡತಿ: ನಾನೂರು ಜನ ಸೇರಿಸ್ಕೊಳ್ಳಿ ಅಂತ ಕೇಳ್ತಾ ಹೊರಗೇ ನಿಂತಿದಾರೆ. ಬಿಡ್ರೀ ಒಳಗೆ.

ಕಾರ್ಯದರ್ಶಿ: ಗುರುತು ಪರಿಚಯ ಇಲ್ಲದವರನ್ನೆಲ್ಲ ಬಿಡೋಕೆ ನಾನೇನು ಬೀಗ ಬಿಟ್ಟು ಪರದೆ ಮಾರ್ತೀನಾ?

ಹೆಂಡತಿ: ಹಾಗಾದ್ರೆ ಸಭೆಗೂ ನಾವು ಮೂರೇ ಜನ. ನನಗಂತೂ ಅವತ್ತು ಬಿಡುವಿಲ್ಲ.

ಕಾರ್ಯದರ್ಶಿಗಳ ಮುಖ ಸಪ್ಪಗಾಯಿತು.

ಕಾರ್ಯದರ್ಶಿ: ಆಯ್ತು, ತೆಗೀತೀನಿ. ಪಾಸ್‌ವರ್ಡ್ ಕೇಳ್ತಿದೆ.

ಹೆಂಡತಿ: ಹಾಕಿ.

ಕಾರ್ಯದರ್ಶಿ: ಯಾರಿಗೂ ನೆನಪಿನಲ್ಲಿ ಉಳಿಯದಂಥದ್ದು ಇಟ್ಟಿದ್ದೆ. ನನಗೂ ಉಳಿದಿಲ್ಲ.

ಹೆಂಡತಿ: ಎಲ್ಲಾದ್ರೂ ಬರೆದಿಟ್ಟಿದೀರಾ?

ಕಾರ್ಯದರ್ಶಿ: ಕಪಾಟಿನಲ್ಲಿದೆ. ಅದಕ್ಕೆ ನಮ್ಮ ಹೊಸ ಬೀಗ ಹಾಕಿದೀನಿ. ಕೀ ಇಲ್ಲದೆ ಯಾವ ಗಂಡಸಿನ ಕೈಲೂ ತೆಗೆಯೋಕಾಗಲ್ಲ.

ಹೆಂಡತಿ: ಕೀ ಎಲ್ಲಿ?

ಕಾರ್ಯದರ್ಶಿ: ಅದನ್ನೇ ನಾಲ್ಕು ದಿನದಿಂದ ಹುಡುಕ್ತಾ ಇದೀನಿ.

ಒಂದು ಗಂಟೆ ಹೊತ್ತು ಅವರು ತಂತಿ, ಸುತ್ತಿಗೆ, ಬೈಗುಳ ಎಲ್ಲವನ್ನೂ ಪ್ರಯೋಗಿಸಿದರು. ಬೀಗ ಜಪ್ಪಯ್ಯ ಅನ್ನಲಿಲ್ಲ. ಹೆಂಡತಿ ಅದನ್ನು ವಿಡಿಯೊ ಮಾಡಿ ತನ್ನ ಪುಟಕ್ಕೆ ಹಾಕಿದಳು: “ಮಾಡಿದವರಿಗೂ ಬಗ್ಗದ ಬೀಗ. ಬನ್ನಿ, ನಾಡಿದ್ದು ಸಮ್ಮೇಳನದಲ್ಲಿ ನೋಡಿ.”

ಸಂಜೆ ಅಧ್ಯಕ್ಷರ ಫೋನ್ ಬಂತು.

ಕಾರ್ಯದರ್ಶಿ: ಹೌದಾ ಸಾರ್? ಆರುನೂರು ಜನ ಬರ್ತಾರಂತಾ? ಎಲ್ಲಾ ನನ್ನದೇ ಯೋಜನೆ ಸಾರ್... ಹೂಂ ಸಾರ್, ಖಂಡಿತ ಸಾರ್.

ಹೆಂಡತಿ: ಏನಂತೆ?

ಕಾರ್ಯದರ್ಶಿ: ಕುರ್ಚಿ ಉಳೀತು ಕಣೇ! ಆದರೆ ಆ ಬೀಗ ವೇದಿಕೆ ಮೇಲೆ ಇರಲೇಬೇಕಂತೆ. ಕಪಾಟಿನಿಂದ ಬಿಡಿಸೋದು ಹೇಗೆ?

ಹೆಂಡತಿ: ಕಪಾಟನ್ನೇ ಹೊತ್ಕೊಂಡು ಹೋಗಿ. ನಿಮ್ಮ ಭಾಷಣ ಇರೋದೂ ಅದರೊಳಗೇ.