ನಾಲ್ಕನೇ ಯಂತ್ರದ ನಕ್ಷೆಗಾಗಿ ನಡೆದ ಮಹಾಸಂಗ್ರಾಮ

ಕಬ್ಬಿಣಕ್ಕೆ ತುಕ್ಕು ಹಿಡಿದರೂ ಕಡತಕ್ಕೆ ಹಿಡಿಯದ, ತೋಳಿನ ಬಲಕ್ಕಿಂತ ಸಹಿಯ ಬಲ ದೊಡ್ಡದೆಂದು ಸಾರುವ, ಕೆಲಸಕ್ಕೆ ಮೊದಲು ಕೆಲಸದ ಪಟ್ಟಿಯನ್ನೂ ಪಟ್ಟಿಗೆ ಮೊದಲು ಸಭೆಯನ್ನೂ ಹೆರುವ ಈ ಮಹಾಯುಗಕ್ಕೆ ಮೊದಲ ವಂದನೆ. ಅಂಥ ಯುಗದಲ್ಲಿ, ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ, ನೀರಿನ ಪಂಪುಗಳಿಗೆ ಹಿತ್ತಾಳೆಯ ವಾಲ್ವ್ ಮಾಡುವ ಕಾರ್ಖಾನೆಯೊಂದರ ಸಭಾಮಂದಿರದಲ್ಲಿ, ಉತ್ಪಾದನಾಧಿಪತಿ, ಘನಗರ್ಜನಕಂಠ, ಮೇಜುಮರ್ದನ ವಿರೂಪಾಕ್ಷಗೌಡರಿಗೂ, ಗುಣಪರೀಕ್ಷಾಧುರಂಧರ, ಕೆಂಪುಮಸಿಖಡ್ಗಧರ, ಪರದೋಷಾನ್ವೇಷಣಚತುರ ಗಿರೀಶರಾವ್ ಕಾಖಂಡಕಿಯವರಿಗೂ ಒಂದು ಗುರುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ನಡೆದ ಘೋರ ಸಂಗ್ರಾಮದ ಕಥೆಯಿದು. ಕೇಳುವವರು ಚಹಾ ಕುಡಿದು ಬರಲಿ. ವೀರರು ಮೂರು ಸಲ ಕುಡಿದರು.

ಆ ರಣಭೂಮಿಯ ಮೂಲೆಯಲ್ಲಿ, ಕಂಪ್ಯೂಟರಿನ ಮುಂದೆ, ಇಬ್ಬರೂ ಹೇಳಿದ್ದನ್ನು ಬರೆದುಕೊಳ್ಳುವ ಕೆಲಸಕ್ಕೆ ನೀಲಗಂಗಾ ಕುಳಿತಿದ್ದಳು. ಕಾರ್ಖಾನೆಯ ಕಡತಗಳನ್ನೂ ವಾಲ್ವಿನ ಅಳತೆ ತೋರಿಸುವ ನಕ್ಷೆಗಳನ್ನೂ ಮೊದಲು ನೋಡಿಕೊಳ್ಳುತ್ತಿದ್ದವನು ಅವಳ ಗಂಡ ಚನ್ನವೀರ. ಅವನು ತೀರಿಕೊಂಡ ಮೇಲೆ ಆ ಕುರ್ಚಿ ಅವಳಿಗೆ ಬಂತು. ಕುರ್ಚಿಯ ಜೊತೆಗೆ ಅವನ ಲಾಗಿನ್ನೂ ಬಂತು. ಏಳು ತಿಂಗಳಿಂದ ಪ್ರತಿ ಬೆಳಿಗ್ಗೆ ಪರದೆ ಅವಳಿಗೆ ‘ಸ್ವಾಗತ, ಚನ್ನವೀರ’ ಅನ್ನುತ್ತಿತ್ತು.

ಅವನ ಹೆಸರು ತೆಗೆದು ತನ್ನ ಹೆಸರು ಹಾಕಿರೆಂದು ಅವಳು ಮೊದಲ ತಿಂಗಳಲ್ಲೇ ಅರ್ಜಿ ಕೊಟ್ಟಿದ್ದಳು. ಹೆಸರು ಬದಲಿಸುವುದೂ ಒಂದು ಬದಲಾವಣೆಯೇ, ಬದಲಾವಣೆಗಳೆಲ್ಲ ಇನ್ನು ಮುಂದೆ ಹೊಸ ಸಾಫ್ಟ್‌ವೇರಿನ ನಿಯಂತ್ರಣಕ್ಕೆ ಒಳಪಟ್ಟು ಆಗಬೇಕು, ಅದರಲ್ಲಿ ಪ್ರಮಾಣಿತ ಕ್ರಮಗಳ ಪಟ್ಟಿ ಸಿದ್ಧವಾಗುವ ತನಕ ಯಾವುದೂ ಆಗದು ಎಂದು ಉತ್ತರ ಬಂದಿತ್ತು. ಸರದಿಯಲ್ಲಿ ಅವಳ ಅರ್ಜಿಯೇ ಒಂದನೆಯದು. ಈ ದಿನ ಪಟ್ಟಿ ಮುಗಿದರೆ ಆ ಸ್ವಾಗತ ನಾಳೆ ಬೆಳಿಗ್ಗೆ ಇರುವುದಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ.

ಪಟ್ಟಿಯಾದರೂ ಎಂಥದ್ದು? ಕಾರ್ಖಾನೆಯಲ್ಲಿ ಏನೋ ಬದಲಾಗಿದೆ ಎಂದು ಸಾಫ್ಟ್‌ವೇರಿಗೆ ತಿಳಿಸಿದ ಕ್ಷಣವೇ, ಆಮೇಲೆ ತಪ್ಪದೆ ಮಾಡಬೇಕಾದ ಕೆಲಸಗಳು ಅದರ ಗರ್ಭದಿಂದ ತಾವಾಗಿಯೇ ಹುಟ್ಟಿಬರಬೇಕು. ಹೊಸ ನಕ್ಷೆ ಅಚ್ಚು ಹಾಕಿಸುವುದು, ಕೆಲಸಗಾರನಿಗೆ ತಿಳಿಹೇಳುವುದು, ಹಳೆ ನಕ್ಷೆ ತೆಗೆಯುವುದು, ಬಳಕೆದಾರರ ಹಳೆ ಹೆಸರು ತೆಗೆಯುವುದು, ಹೊಸ ಹೆಸರು ಸೇರಿಸುವುದು, ಹೀಗೆ ಒಟ್ಟು ಹದಿನೇಳು. ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ, ಒಂದು ಗಡುವು. ಹೊಣೆಗಾರನ ಚೌಕ ಖಾಲಿ ಬಿಟ್ಟರೆ ಪಟ್ಟಿ ಸೇವ್ ಆಗುವುದಿಲ್ಲ. ಸಾಫ್ಟ್‌ವೇರು ಚೌಕವನ್ನು ಕೆಂಪಗೆ ಮಾಡಿಕೊಂಡು ಸುಮ್ಮನೆ ಕಾಯುತ್ತದೆ.

ಅಚ್ಚಿನ ಕೆಲಸಕ್ಕೆ ಯಾರೂ ಖಡ್ಗ ಹಿರಿಯಲಿಲ್ಲ. ತಿಳಿಹೇಳುವ ಕೆಲಸಕ್ಕಂತೂ ಇಬ್ಬರೂ ಮುಂದೆ ಬಂದರು. ‘ಹಳೆ ನಕ್ಷೆ ತೆಗೆಯುವುದು’ ಎಂಬ ಸಾಲು ಬಂದಾಗ ಮಾತ್ರ ದಿಕ್ಕುಗಳು ಕಂಪಿಸಿದವು, ನೀರಿನ ಬಾಟಲಿಗಳು ಉರುಳಿದವು.

ಕಾರಣವಿತ್ತು. ವಾಲ್ವಿನ ರಂಧ್ರದ ಅಳತೆ ಅರ್ಧ ಮಿಲಿಮೀಟರ್ ಕುಗ್ಗಿ ಎರಡು ತಿಂಗಳಾಗಿದ್ದರೂ ನಾಲ್ಕನೇ ಯಂತ್ರದ ಪಕ್ಕದ ಗೋಡೆಯಲ್ಲಿ ಹಳೆ ನಕ್ಷೆಯೇ ವಿರಾಜಮಾನವಾಗಿತ್ತು. ಮಹಾನವಮಿಯ ಆಯುಧಪೂಜೆಯ ದಿನ ಯಂತ್ರಕ್ಕೆ ವಿಭೂತಿ ಕುಂಕುಮ ಹಚ್ಚುವವರು ಪಕ್ಕದ ಹಾಳೆಗೂ ಹಚ್ಚಿ, ಒಂದು ಚೆಂಡುಹೂವನ್ನೂ ಸಿಕ್ಕಿಸಿದ್ದರು. ಪೂಜೆಗೊಂಡ ಹಾಳೆಯನ್ನು ಕೀಳುವ ಎದೆ ಆಮೇಲೆ ಯಾರಿಗೂ ಇರಲಿಲ್ಲ. ಅದನ್ನು ನೋಡಿಕೊಂಡೇ ಕಳೆದ ತಿಂಗಳು ನೂರೆಂಬತ್ತು ವಾಲ್ವುಗಳು ಹಳೆ ಅಳತೆಯಲ್ಲಿ ಜನ್ಮ ತಾಳಿ, ಹುಟ್ಟಿದ ದಿನವೇ ಗುಜರಿಗೆ ಸೇರಿದವು. ತಾನೇ ಹೋಗಿ ತೆಗೆಯುತ್ತೇನೆಂದು ನೀಲಗಂಗಾ ಎರಡು ಸಲ ಕೇಳಿದ್ದಳು. ಪಟ್ಟಿ ತೀರ್ಮಾನವಾಗುವ ತನಕ ತಮ್ಮ ಗೋಡೆಗೆ ಯಾರೂ ಕೈ ಹಚ್ಚಕೂಡದೆಂದು ಗೌಡರು ಅಪ್ಪಣೆ ಕೊಡಿಸಿದ್ದರು. ಹೊಸ ನಕ್ಷೆ ಅವಳ ಮೇಜಿನ ಡ್ರಾವರಿನಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು.

ಮೊದಲ ಬಾಣ ರಾಯರದು. ಗೋಡೆ ಉತ್ಪಾದನಾ ವಿಭಾಗದ್ದು, ಆದ್ದರಿಂದ ಗೋಡೆಯ ಮೇಲಿರುವುದೆಲ್ಲ ಉತ್ಪಾದನೆಯ ಹೊಣೆ ಎಂದರು. ಗೌಡರು ಅದನ್ನು ನಡುದಾರಿಯಲ್ಲೇ ತುಂಡರಿಸಿದರು. ಹಾಳೆ ಗುಣಪರೀಕ್ಷೆಯದು, ಅದರ ಮೇಲಿನ ಠಸ್ಸೆ ಗುಣಪರೀಕ್ಷೆಯದು, ಹಾಗಿದ್ದಮೇಲೆ ಟೇಪು ಯಾರದು ಎಂದು ಗುಡುಗಿದರು. ಟೇಪನ್ನು ಉಗ್ರಾಣದಿಂದ ಪಡೆದವರು ಯಾರೆಂಬ ವಿಚಾರಣೆಗೆ ಇಪ್ಪತ್ತು ನಿಮಿಷ ಸಂದವು. ಬಳಿಕ ಗೌಡರು ಎದ್ದು ನಿಂತು, ಪ್ಯಾಂಟು ಮೇಲೇರಿಸಿಕೊಂಡು, ತಮ್ಮ ಪರಾಕ್ರಮವನ್ನು ತಾವೇ ಕೊಂಡಾಡಿದರು. ಕರೆಂಟಿಲ್ಲದ ದಿನ ಸಾವಿರ ವಾಲ್ವು ಕಳಿಸಿದ್ದು, ಮುಷ್ಕರ ನಿಲ್ಲಿಸಿದ್ದು, ತಪಾಸಣೆಗೆ ಬಂದ ಜರ್ಮನಿಯವನ ಬಾಯಿ ಮುಚ್ಚಿಸಿದ್ದು, ಒಂದೂ ಬಿಡಲಿಲ್ಲ.

“ಇಪ್ಪತ್ತಾರ ವರ್ಷ ಆತ್ರಿ ರಾಯರ, ನಾ ಈ ಫ್ಯಾಕ್ಟರಿ ನಡಸಾಕತ್ತಿ. ಹಾಳಿ ಕೀಳೂ ಕೆಲಸಕ್ಕ ಹುಟ್ಟಿದಾಂವ ಅಲ್ಲ ನಾ.”

ರಾಯರು ಕನ್ನಡಕ ಒರೆಸಿದರು.

“ಒಂದು ಟೇಪ್ ಬಿಚ್ಚಲಿಕ್ಕೆ ಇಪ್ಪತ್ತಾರು ವರ್ಷದ ಅನುಭವ ಸಾಲಂಗಿಲ್ಲೇನ್ರಿ ಗೌಡ್ರ?”

ಆಗ ಎದ್ದ ಧೂಳು ಎರಡನೇ ಚಹಾ ಬಂದರೂ ಅಡಗಲಿಲ್ಲ. ಹೊಣೆಗಾರರ ಚೌಕದಲ್ಲಿ ‘ಎಲ್ಲರೂ’ ಎಂದು ಬರೆಯಲು ಸೂಚನೆ ಬಂತು. ನೀಲಗಂಗಾ ಬರೆದಳು. ಸಾಫ್ಟ್‌ವೇರು ಒಪ್ಪಲಿಲ್ಲ. ‘ಸಂಬಂಧಪಟ್ಟವರು’ ಎಂದರು. ಅದನ್ನೂ ಒಪ್ಪಲಿಲ್ಲ. ಬಳಕೆದಾರರ ಪಟ್ಟಿಯಲ್ಲಿರುವ ಒಂದೇ ಹೆಸರು, ಒಬ್ಬನೇ ಮನುಷ್ಯ ಬೇಕೆಂಬ ಅದರ ಹಟಕ್ಕೆ ವೀರರಿಬ್ಬರೂ ಮೊದಲ ಸಲ ಒಂದೇ ಕಡೆ ನಿಂತು ಅದನ್ನು ಬೈದರು. ಅಷ್ಟರಲ್ಲಿ ಮಿರ್ಚಿ ಭಜಿ ಬಂತು. ಎಣ್ಣೆ ಕಾರ್ಯಸೂಚಿಯ ಮೇಲೆ ಹರಡಿತು. ಐದು ಮುಕ್ಕಾಲಾಗಿತ್ತು.

ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಗೌಡರು ನೀಲಗಂಗಾಳ ಹೆಗಲ ಹಿಂದೆ ಬಂದು ನಿಂತು, ಹೆಸರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಲು ಹೇಳಿದರು. ಒಂದು ಕಡೆ ಅವರ ಬೆರಳು ಪರದೆಯನ್ನು ಮುಟ್ಟಿತು.

“ಚನ್ನವೀರನ ಹೆಸರ ಇನ್ನೂ ಐತಲ್ರಿ ಇದರಾಗ! ಅಂವ ಒಮ್ಮಿನೂ ಒಲ್ಲೆ ಅಂದಾಂವ ಅಲ್ಲ.”

ರಾಯರೂ ಬಗ್ಗಿ ನೋಡಿದರು. ಖರೆ, ಭಾಳ ಛಲೋ ಮನುಷ್ಯ, ಅವನ ಬಗ್ಗೆ ತಮ್ಮ ವಿಭಾಗದ ಆಕ್ಷೇಪವೇನೂ ಇಲ್ಲ ಎಂದರು.

“ಅವರು ತೀರಿಕೊಂಡಾರ್ರಿ,” ಎಂದಳು ನೀಲಗಂಗಾ.

“ಗೊತ್ತೈತವಾ ತಂಗಿ. ಸಿಸ್ಟಮ್ಮಿನಾಗ ಅದಾನಲ್ಲ,” ಎಂದರು ಗೌಡರು. “ಹೆಸರಿಗಷ್ಟ. ಬ್ಯಾಸರ ಮಾಡ್ಕೋಬ್ಯಾಡ.”

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಹಾಗೆ ಮಾಡಿಕೊಳ್ಳಲು ಏನೋ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. ಹೆಸರನ್ನು ಚೌಕಕ್ಕೆ ತುಂಬಿದಳು. ಕೆಂಪು ಹಸಿರಾಯಿತು. ಆ ಹಸಿರನ್ನು ಕಂಡ ವೀರರಿಗೆ ರುಚಿ ಹತ್ತಿತು. ತಿಳಿಹೇಳುವುದನ್ನೂ ಅವನಿಗೇ ಕೊಡಿ ಎಂದರು ಒಬ್ಬರು. ಉಗ್ರಾಣದ ಎಣಿಕೆಯನ್ನೂ ಕೊಡಿ ಎಂದರು ಇನ್ನೊಬ್ಬರು. ಎರಡೂ ಮುಕ್ಕಾಲು ಗಂಟೆ ಇಬ್ಬರು ಜೀವಂತರು ಹಂಚಿಕೊಂಡು ಮುಗಿಸಲಾರದ ಹದಿನೇಳು ಭಾರಗಳನ್ನು ಸತ್ತವನೊಬ್ಬ ಹತ್ತು ನಿಮಿಷದಲ್ಲಿ ಹೊತ್ತುಕೊಂಡ. ಅವನ ಕಡೆಯಿಂದ ಒಂದು ತಕರಾರೂ ಬರಲಿಲ್ಲ.

ಪಟ್ಟಿ ಸೇವ್ ಆಯಿತು. ಶತ್ರುಗಳು ಕೈ ಕುಲುಕಿದರು. ಇಬ್ಬರೂ ಗೆದ್ದಿದ್ದರು. ಜಯಘೋಷದ ಬದಲು ಮೂರನೇ ಚಹಾ ಕುಡಿದು, ಒಬ್ಬರು ಕಾರಿನಲ್ಲೂ ಒಬ್ಬರು ಸ್ಕೂಟರಿನಲ್ಲೂ ನಿರ್ಗಮಿಸಿದರು.

ಖಾಲಿ ಕಪ್ಪುಗಳ ನಡುವೆ ನೀಲಗಂಗಾ ಪರದೆ ನೋಡುತ್ತ ಕುಳಿತಳು. ಸರದಿ ಚಲಿಸಿತು. ಒಂದನೇ ಅರ್ಜಿಯಿಂದ ಮೊದಲ ಕೆಲಸ ಹುಟ್ಟಿ ಬಂತು: ‘ಚನ್ನವೀರ ಅವರೇ, ಬಳಕೆದಾರರ ಪಟ್ಟಿಯಿಂದ ಚನ್ನವೀರ ಎಂಬ ಹೆಸರನ್ನು ತೆಗೆಯುವುದು. ಹೊಣೆ: ಚನ್ನವೀರ. ಗಡುವು: ಮೂರು ದಿನ.’

ಎರಡು ಸಲ ಓದಿದಳು. ಮೂರು ದಿನ ಇತ್ತು. ಆಮೇಲೆ ‘ಮುಗಿದಿದೆ’ ಎಂಬಲ್ಲಿ ಒತ್ತಿದಳು.

ಪರದೆ ಬೆಳ್ಳಗಾಯಿತು. ‘ಈ ಹೆಸರಿನ ಬಳಕೆದಾರರು ಇಲ್ಲ’ ಎಂದಿತು. ಅವಳ ಹೆಸರು ಸೇರಿಸುವುದು ಎರಡನೇ ಕೆಲಸ. ಅದೂ ಅವನ ಹೊಣೆಯಲ್ಲೇ ಇದ್ದದ್ದರಿಂದ ಇನ್ನು ಅದನ್ನು ತೆರೆಯುವವರೇ ಇರಲಿಲ್ಲ. ಅವಳಿಗೆ ಮಾಡಲು ಕೆಲಸವಿಲ್ಲದಾಯಿತು. ತನ್ನ ಮೇಜಿನ ಡ್ರಾವರಿನಿಂದ ಹೊಸ ನಕ್ಷೆ ತೆಗೆದುಕೊಂಡು ಕೆಳಗೆ ಇಳಿದಳು.

ನಾಲ್ಕನೇ ಯಂತ್ರದ ದಾವಲಸಾಬ ಪಾಳಿ ಮುಗಿಸಿ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಅವಳು ಸ್ಟೂಲು ಎಳೆದು ಹತ್ತಿದ್ದನ್ನು ಕಂಡು ಹತ್ತಿರ ಬಂದ.

“ಪೂಜಿ ಮಾಡಿದ್ದ ಐತ್ರಿ ಅಕ್ಕಾರ ಅದು. ತಗೀರಿ ಅಂತ ಯಾರ ಹೇಳ್ಯಾರ?”

“ಯಾರೂ ಹೇಳಿಲ್ರಿ.”

ಅವನು ಸ್ವಲ್ಪ ಯೋಚಿಸಿ ಸ್ಟೂಲು ಅಲುಗದಂತೆ ಹಿಡಿದುಕೊಂಡ. ನಾಲ್ಕು ಮೂಲೆಗೆ ನಾಲ್ಕು ತುಂಡು ಟೇಪು. ಮೂರು ತಾವಾಗಿಯೇ ಸಡಿಲಾಗಿದ್ದವು. ನಾಲ್ಕನೆಯದನ್ನು ಉಗುರಿನಿಂದ ಎಬ್ಬಿಸಬೇಕಾಯಿತು. ಒಣಗಿದ ಚೆಂಡುಹೂ ಉದುರಿತು. ಹೆಬ್ಬೆರಳಿಗೆ ಕುಂಕುಮ ಹತ್ತಿತು. ಅದನ್ನು ಒಂದು ಕ್ಷಣ ನೋಡಿ, ಹಳೆ ನಕ್ಷೆಗೇ ಒರೆಸಿ, ನಕ್ಷೆಯನ್ನು ನಾಲ್ಕಾಗಿ ಮಡಚಿದಳು.

ಹೊಸದನ್ನು ಅಂಟಿಸಿ ಇಳಿದಾಗ ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆದಿತ್ತು.